ಅವ್ವ ನನ್ನ ತಲೆಗೆ ಕಟ್ಟಿದ್ದು

ಶಿಕಾರಿಪುರದ ಪೇಟೆಯಲ್ಲಿ ನಮ್ಮವ್ವನಷ್ಟು ಚೆಂದ ಸೀರೆ ಮಡಚುವವರು ಇನ್ನೊಬ್ಬರಿರಲಿಲ್ಲ. ಅವಳು ಕೆಲಸ ಮಾಡುತ್ತಿದ್ದ ಬಟ್ಟೆ ಅಂಗಡಿಗೆ ಮದುವೆ ಸೀಸನ್ನಿನಲ್ಲಿ ಬರುವ ಜನ ಗುಡ್ಡೆ ಗುಡ್ಡೆ ಸೀರೆ ಬಿಚ್ಚಿಸಿ, ಕೊನೆಗೆ ಎರಡೋ ಮೂರೋ ತೆಗೆದುಕೊಂಡು ಎದ್ದುಹೋಗುತ್ತಿದ್ದರು. ಉಳಿದದ್ದನ್ನೆಲ್ಲ ಅವ್ವ ಒಬ್ಬಳೇ ಕೂತು ಮಡಚುತ್ತಿದ್ದಳು. ಅಂಚಿಗೆ ಅಂಚು ಸೇರಿಸಿ, ಸೆರಗು ಮೇಲೆ ಬರುವಂತೆ ತಿರುಗಿಸಿ, ಅಂಗೈಯಲ್ಲಿ ಒಮ್ಮೆ ಸವರಿ ಕಪಾಟಿಗಿಟ್ಟರೆ ಆ ಸೀರೆಯನ್ನು ಯಾರೂ ಬಿಚ್ಚಿಯೇ ಇಲ್ಲವೇನೋ ಅನ್ನಿಸುತ್ತಿತ್ತು. ಹೊಸದಾಗಿ ಸೇರಿದ ಹುಡುಗಿಯರಿಗೆ ಮಾಲೀಕರು ಅವಳನ್ನೇ ತೋರಿಸಿ ಕೆಲಸ ಕಲಿಯಿರಿ ಅನ್ನುತ್ತಿದ್ದರು. ಅವಳು ಇರುತ್ತಿದ್ದದ್ದೂ ಹಾಗೇ. ಗಂಜಿ ಹಾಕಿದ ಕಾಟನ್ ಸೀರೆ, ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ತುರುಬು, ಹಣೆಯ ಮೇಲೆ ವಿಭೂತಿಯ ತೆಳು ಗೆರೆ.

ಅಂಥ ಅವ್ವನ ಮನೆಯೊಳಗೆ ಕಾಲಿಡಲು ಜಾಗವಿರಲಿಲ್ಲ.

ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮದೊಂದು ಹೆಂಚಿನ ಮನೆ. ಅದರ ನಡುಮನೆಯಲ್ಲಿ ಸೀರೆಯ ಖಾಲಿ ಡಬ್ಬಗಳು ಸೂರಿನ ತನಕ ಏರಿದ್ದವು. ಅವುಗಳ ಸಂದಿಯಲ್ಲಿ ಪ್ಲಾಸ್ಟಿಕ್ ಕವರು ತುಂಬಿದ ಗೋಣಿಚೀಲ, ಹಳೇ ಪೇಪರು, ಯಾವತ್ತೋ ಮುಗಿದುಹೋದ ಮದುವೆಗಳ ಲಗ್ನಪತ್ರಿಕೆ, ಹಿಡಿ ಮುರಿದ ಕುಕ್ಕರು, ಸುಟ್ಟ ಮಿಕ್ಸಿ, ಯಾರ್ಯಾರೋ ಕೊಟ್ಟ ಹಳೇ ಬಟ್ಟೆಯ ಗಂಟುಗಳು. ಅಡುಗೆಮನೆಗೆ ಹೋಗಲು ಒಬ್ಬರು ಅಡ್ಡಡ್ಡ ಸರಿದು ಹೋಗುವಷ್ಟು ದಾರಿ. ನಾನು ಮಲಗುತ್ತಿದ್ದದ್ದು ಆ ದಾರಿಯಲ್ಲಿ. ಮಂಚವೂ ಇತ್ತು, ಆದರೆ ಅದರ ಮೇಲೆ ಸಾಮಾನು ಮಲಗಿತ್ತು.

ಅಪ್ಪ ಲಾರಿ ಡ್ರೈವರ್. ಮೆಕ್ಕೆಜೋಳ ತುಂಬಿಕೊಂಡು ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಬಂದರೂ ಲಾರಿಯಲ್ಲೇ ಮಲಗಿ, ಬೆಳಿಗ್ಗೆ ಹಿತ್ತಲಲ್ಲಿ ಸ್ನಾನ ಮಾಡಿ, ಕಟ್ಟೆಯ ಮೇಲೆ ಕೂತು ರೊಟ್ಟಿ ತಿಂದು ಹೊರಟುಬಿಡುತ್ತಿದ್ದ. ಮನೆಯ ಒಳಗಿನ ವಿಷಯ ಅವನೊಂದಿಗೆ ಎತ್ತಿದರೆ ಮೊಬೈಲ್ ಕಿವಿಗಿಟ್ಟುಕೊಂಡು ಎದ್ದುಹೋಗುತ್ತಿದ್ದ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ತೂತುಬಿದ್ದ ಬಕೆಟ್ಟನ್ನು ತಿಪ್ಪೆಗೆ ಎಸೆದುಬಂದೆ. ಸಂಜೆ ಅವ್ವ ಅದನ್ನು ಹುಡುಕಿಕೊಂಡು ಹೋಗಿ ತಂದಳು. ಅದನ್ನು ಎದೆಗವಚಿಕೊಂಡು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೂತಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ, ಬಕೆಟ್ಟಿಗೆ ಮೆತ್ತಿದ್ದ ಕೊಳೆಯನ್ನು ಸೆರಗಿನಿಂದ ಒರೆಸಿದಳು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕೈ ಹಿಡಿದುಕೊಂಡಳು.

“ಒಳಗಿಂದು ಹೊರಗೆ ಗೊತ್ತಾಗಬಾರ್ದು ಮಗಾ. ಗೊತ್ತಾದ್ರೆ ಅಂಗಡಿಯಾಗೆ ನನ್ನ ಇಟ್ಕಳಲ್ಲ. ನಂಗೆ ನೀನೊಬ್ಬಾಕೀನೇ ಇರೋದು.”

ನಾನು ಅವಳ ಅಂಗೈ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ಹೆದರಿಕೆಗಿಂತ ಹೆಮ್ಮೆಯೇ ಹೆಚ್ಚಾಗಿತ್ತು. ಅವ್ವನಿಗೆ ನಾನೊಬ್ಬಳೇ ಎಂದು ಅವಳ ಬಾಯಿಂದಲೇ ಕೇಳಿದ್ದೆನಲ್ಲ.

ಅಲ್ಲಿಂದ ಆ ಮನೆಯನ್ನು ಕಾಯುವ ಕೆಲಸ ನನ್ನದಾಯಿತು. ಮುಂಬಾಗಿಲಿಗೆ ಯಾವಾಗಲೂ ಬೀಗ ಹಾಕಿರುತ್ತಿದ್ದೆವು, ಓಡಾಟವೆಲ್ಲ ಹಿತ್ತಲ ಬಾಗಿಲಿಂದ. ಬೀಗ ಕಂಡವರು ಯಾರೂ ಇಲ್ಲವೆಂದು ಹೋಗಿಬಿಡುತ್ತಿದ್ದರು. ಆದರೆ ಕಟ್ಟೆಯನ್ನು ಮಾತ್ರ ದಿನಾ ತೊಳೆದು ರಂಗೋಲಿ ಹಾಕುತ್ತಿದ್ದೆ. ಗ್ಯಾಸಿನವನು ಬಂದರೆ ಸಿಲಿಂಡರನ್ನು ಕಟ್ಟೆಯ ಮೇಲೇ ಇಳಿಸಿಕೊಂಡು, ಅವನು ಓಣಿ ತಿರುಗಿದ ಮೇಲೆ ಉರುಳಿಸಿಕೊಂಡು ಹಿಂದೆ ಒಯ್ಯುತ್ತಿದ್ದೆ. ಇಲಿಯ ವಾಸನೆ ಬಟ್ಟೆಗೆ ಹತ್ತುತ್ತದೆಂದು ಯೂನಿಫಾರ್ಮನ್ನು ಒಳಗೆ ಇಡುತ್ತಲೇ ಇರಲಿಲ್ಲ. ಓಣಿಯ ತುದಿಯ ಇಸ್ತ್ರಿ ಅಂಗಡಿಯಲ್ಲಿ ಕೊಟ್ಟು, ಬೆಳಿಗ್ಗೆ ಅಲ್ಲಿಂದಲೇ ತಂದು ಬಚ್ಚಲಲ್ಲಿ ಹಾಕಿಕೊಂಡು ಹೊರಡುತ್ತಿದ್ದೆ.

ಈಸೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಬಸ್ಸು ತಡವಾದ ಒಂದು ಮಧ್ಯಾಹ್ನ, ಹೊಟ್ಟೆ ಹಿಡಿದುಕೊಂಡು ನಮ್ಮ ಮನೆಯ ತನಕ ಬಂದಳು. ಬಚ್ಚಲಿಗೆ ಹೋಗಬೇಕಿತ್ತು ಅವಳಿಗೆ. ಬೀಗದ ಕೈ ಅವ್ವನ ಹತ್ತಿರವಿದೆ ಅಂದೆ. ಹಿತ್ತಲ ಬಾಗಿಲಿಗೆ ಬರೀ ಚಿಲಕ ಹಾಕಿದ್ದದ್ದು ಓಣಿಯಿಂದಲೇ ಕಾಣುತ್ತಿತ್ತು. ಅವಳು ಅತ್ತ ನೋಡಿದಳು, ನನ್ನನ್ನು ನೋಡಿದಳು, ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಮಾರನೇ ದಿನದಿಂದ ಬೇರೆ ಬೆಂಚಿಗೆ ಹೋಗಿ ಕೂತಳು. ಆ ಸಂಜೆ ಅವ್ವನಿಗೆ ಹೇಳಿಕೊಂಡೆ. ಅವಳು ನನ್ನ ತಲೆ ಸವರಿ, “ಶ್ಯಾಣ್ಯಾಕಿ ನೀನು” ಅಂದಳು.

ಆದರೆ ಊರಿನಲ್ಲಿ ಕೆಲವರು ನನ್ನ ಮೇಲೆ ವಿಶೇಷ ಅಕ್ಕರೆ ತೋರಿಸುತ್ತಿದ್ದರು. ಪಕ್ಕದ ಮನೆಯ ಅಜ್ಜಿ ಹಬ್ಬದ ದಿನ ಹೋಳಿಗೆ ಕೊಡುವಾಗ “ಮನಸ್ಸು ಗಟ್ಟಿ ಮಾಡ್ಕಾ ತಂಗೀ, ಎಲ್ಲಾ ಸರಿಹೋಗುತ್ತೆ” ಅನ್ನುತ್ತಿದ್ದಳು. ಕ್ಲಾಸ್ ಟೀಚರ್ ನನ್ನ ಬ್ಯಾಗು ತೆಗೆಸಿ ಒಳಗೆ ಇಣುಕಿ, ಬೆನ್ನು ತಟ್ಟಿ ಕಳಿಸುತ್ತಿದ್ದರು. ಅಪ್ಪ ಊರಲ್ಲಿಲ್ಲದ ಹುಡುಗಿ ಎಂಬ ಕನಿಕರ ಇರಬೇಕೆಂದುಕೊಂಡಿದ್ದೆ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ರಜೆಯಲ್ಲಿ ಸೊರಬದ ಮಾವ ನನ್ನನ್ನು ಕರೆಸಿಕೊಂಡರು. ಮಾವ ಎಂದರೆ ಅವ್ವನ ಅಣ್ಣ. ಸೊರಬದ ಮುಖ್ಯ ರಸ್ತೆಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದರು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಹೋದೆ. ಅವ್ವನೊಬ್ಬಳೇ ಹೇಗೆ ಸಂಭಾಳಿಸುತ್ತಾಳೋ, ಗ್ಯಾಸಿನವನು ಬಂದರೆ ಏನು ಮಾಡುತ್ತಾಳೋ ಎಂದು ದಾರಿಯುದ್ದಕ್ಕೂ ಅದೇ ಚಿಂತೆ.

ಮಾವನ ಮನೆಯಲ್ಲಿ ನನಗೊಂದು ಮಂಚ ಕೊಟ್ಟರು, ಕಪಾಟಿನಲ್ಲಿ ಒಂದು ಖಾನೆ ಬಿಡಿಸಿಕೊಟ್ಟರು. ಅತ್ತೆ ಒಳ್ಳೆಯವರು, ಕೇಳಿ ಕೇಳಿ ಬಡಿಸುತ್ತಿದ್ದರು. ಆದರೆ ದಿನಾ ಸಂಜೆ ನನ್ನ ಖಾನೆ ತೆರೆದು ನೋಡುತ್ತಿದ್ದರು. ಒಂದು ದಿನ ಬೇಕರಿಯಿಂದ ತಂದ ಬ್ರೆಡ್ಡಿನ ಕವರನ್ನು, ಕೈಗೆ ರೂಢಿಯಾಗಿದ್ದರಿಂದ, ನಾಲ್ಕು ಮಡಿಕೆ ಮಾಡಿ ಅಡುಗೆಕಟ್ಟೆಯ ಮೇಲೆ ಇಡುತ್ತಿದ್ದೆ. ಅತ್ತೆ ಓಡಿಬಂದರು. “ಎಂತಕ್ಕೆ ಇಟ್ಕಂತೀಯೆ ಅದನ್ನ, ಕೊಡು ಇತ್ಲಾಗೆ” ಎಂದು ಮೆತ್ತಗೆ ನನ್ನ ಬೆರಳು ಬಿಡಿಸಿ ತೆಗೆದುಕೊಂಡು ಒಲೆಗೆ ಹಾಕಿದರು. ಹಾಕುವಾಗ ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ಅಳುತ್ತೇನೋ ಎಂಬಂತೆ.

ಅದಾಗಿ ಸ್ವಲ್ಪ ದಿನಕ್ಕೆ ಮಾವ ಬೆಳಗಿನ ಕಾಫಿಯ ಹೊತ್ತಿಗೆ, ನಾಳೆ ಶಿವಮೊಗ್ಗಕ್ಕೆ ಹೋಗಿಬರೋಣ, ಅಲ್ಲೊಬ್ಬರು ಲೇಡಿ ಡಾಕ್ಟರ್ ಇದ್ದಾರೆ ಅಂದರು. ಯಾರಿಗೆ ಹುಷಾರಿಲ್ಲ ಎಂದು ಕೇಳಿದೆ. ಮಾವ ಲೋಟದೊಳಗೆ ನೋಡುತ್ತಾ ಕೂತರು. ಅತ್ತೆಯೇ ಮಾತಾಡಿದರು.

“ನೀ ನಾಚ್ಕಬ್ಯಾಡ. ನಿಮ್ಮವ್ವ ನಮಗೆ ಎಲ್ಲಾ ಹೇಳಿದಾಳೆ. ನೀನು ಮನೆ ತುಂಬ ಕಸ ಕೂಡಿ ಹಾಕೋದು, ಎಸೆಯಕ್ಕೆ ಹೋದ್ರೆ ಬಿದ್ದು ಹೊರಳಾಡೋದು. ಪಾಪ, ಅವಳು ಎಷ್ಟು ಅಂತ ಸಹಿಸ್ಕಂತಾಳೆ?”

ಮೊದಲು ನನಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ಲೋಟವನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಅತ್ತೆ ಹೇಳುತ್ತಲೇ ಹೋದರು. ಮನೆಗೆ ಯಾಕೆ ಯಾರನ್ನೂ ಕರೆಯುವುದಿಲ್ಲವೆಂದು ಕೇಳಿದವರಿಗೆಲ್ಲ ಅವ್ವ ಇದನ್ನು ವರ್ಷಗಳಿಂದ ಹೇಳಿಕೊಂಡು ಬಂದಿದ್ದಳು. ಪಕ್ಕದ ಅಜ್ಜಿಗೂ ಹೇಳಿದ್ದಳು, ಸ್ಕೂಲಿಗೆ ಬಂದು ಟೀಚರಿಗೂ ಹೇಳಿದ್ದಳು, ಅಂಗಡಿಯಲ್ಲಂತೂ ಎಲ್ಲರಿಗೂ ಗೊತ್ತಿತ್ತು. ಮಾವನಿಗೆ ಅನುಮಾನ ಬಂದು ಅಪ್ಪನಿಗೆ ಫೋನ್ ಮಾಡಿದ್ದರಂತೆ. ಅಪ್ಪ ಹೌದು ಅಂದಿದ್ದನಂತೆ, ಹುಡುಗಿದೇ ಅದು ಅಂದಿದ್ದನಂತೆ.

ಅಪ್ಪನ ಆ ‘ಹೌದು’ ನನ್ನನ್ನು ಹೆಚ್ಚು ಮುರಿಯಿತು. ಅವ್ವ ಹೆದರಿ ಹೇಳಿರಬಹುದು. ಅಪ್ಪನಿಗೆ ಯಾವ ಹೆದರಿಕೆ?

ನಾನು ಅಲ್ಲ ಅನ್ನಲಿಲ್ಲ. ಹೇಳಿದರೆ ಯಾರೂ ನಂಬಲಿಕ್ಕಿಲ್ಲ, ಆದರೆ ಆ ಬೆಳಿಗ್ಗೆ ನನ್ನ ಬಾಯಿ ಕಟ್ಟಿಹಾಕಿದ್ದು ನಾನು ಕೊಟ್ಟ ಮಾತು. ನಾನಲ್ಲ ಅಂದರೆ ಮತ್ತೆ ಯಾರು ಎಂದು ಕೇಳುತ್ತಾರಲ್ಲ. ಅವ್ವನ ಗುಟ್ಟನ್ನು ಅವ್ವನ ಅಣ್ಣನಿಂದಲೂ ಕಾಯಬೇಕೆಂದು ಸುಮ್ಮನೆ ತಲೆ ತಗ್ಗಿಸಿದೆ. ನಾನು ಒಪ್ಪಿಕೊಂಡೆ ಎಂದು ಅವರು ತಿಳಿದರು.

ಶಿವಮೊಗ್ಗದ ಆ ಮನಸ್ಸಿನ ಡಾಕ್ಟರು ಮಾವನನ್ನು ಹೊರಗೆ ಕೂರಿಸಿ ನನ್ನೊಬ್ಬಳನ್ನೇ ಒಳಗೆ ಕರೆದರು. ಏನೇನು ಕೂಡಿಡುತ್ತೀಯ, ಎಸೆಯುವಾಗ ಏನನ್ನಿಸುತ್ತದೆ ಎಂದು ಕೇಳಿದರು. ನಾನು ಪಟಪಟ ಉತ್ತರ ಕೊಟ್ಟೆ. ನನಗೆ ಗೊತ್ತಿಲ್ಲದ್ದೇನಿತ್ತು? ಕವರು ಮುಂದೆ ಬೇಕಾಗುತ್ತದೆ, ಡಬ್ಬ ಗಟ್ಟಿಯಾಗಿದೆ, ಯಾರೋ ಪ್ರೀತಿಯಿಂದ ಕೊಟ್ಟದ್ದನ್ನು ಎಸೆದರೆ ಕೊಟ್ಟವರನ್ನೇ ಎಸೆದ ಹಾಗಾಗುತ್ತದೆ. ಎಲ್ಲ ಅವ್ವನ ಮಾತುಗಳು. ಡಾಕ್ಟರು ಬರೆದುಕೊಳ್ಳುವುದನ್ನು ನಿಲ್ಲಿಸಿದರು. ಆ ಮನೆಯಲ್ಲಿ ನೀನು ಎಲ್ಲಿ ಮಲಗುತ್ತೀಯ ಎಂದು ಕೇಳಿದರು. ಅಡುಗೆಮನೆಯ ದಾರಿಯಲ್ಲಿ ಅಂದೆ. ನಿಮ್ಮಮ್ಮ? ಅವ್ವ ಡಬ್ಬಗಳ ಪಕ್ಕದಲ್ಲಿ, ಒಂದು ಕೈ ಅವುಗಳ ಮೇಲಿಟ್ಟುಕೊಂಡು ಮಲಗುತ್ತಾಳೆ ಎಂದುಬಿಟ್ಟೆ. ಅಂದ ಮೇಲೆ ಅಳು ಬಂತು. ಮುಚ್ಚಿಟ್ಟದ್ದೆಲ್ಲ ಒಂದೊಂದಾಗಿ ಹೊರಗೆ ಬಂತು.

ಡಾಕ್ಟರು ಮಾವನನ್ನು ಕರೆದು, ಕರೆತರಬೇಕಾದದ್ದು ಇವಳನ್ನಲ್ಲ ಅಂದರು. ಮಾವ ನಂಬಲಿಲ್ಲ. ತನ್ನ ತಂಗಿ ಹೇಗೆ ಸೀರೆ ಉಡುತ್ತಾಳೆ, ಅಂಗಡಿಯಲ್ಲಿ ಎಂಥ ಹೆಸರು, ಎಲ್ಲ ಹೇಳಿದರು. ಮಾರನೇ ದಿನ ನನ್ನನ್ನು ಕರೆದುಕೊಂಡು ನೇರ ಶಿಕಾರಿಪುರಕ್ಕೆ ಬಂದರು. ಅವ್ವನ ಅಂಗಡಿಗೆ ರಜೆಯಿದ್ದ ದಿನ. ಮುಂಬಾಗಿಲಿಗೆ ಬೀಗವಿತ್ತು. ನಾನೇ ಅವರನ್ನು ಹಿತ್ತಲಿಗೆ ಕರೆದೊಯ್ದೆ.

ಅಣ್ಣನನ್ನು ಕಂಡು ಅವ್ವ ಬಾಗಿಲಿಗೆ ಅಡ್ಡ ನಿಂತಳು. ಆಮೇಲೆ ನನ್ನನ್ನು ನೋಡಿದಳು. ನಾನು ಅವಳ ಕಣ್ಣಲ್ಲಿ ಏನಾದರೂ ಕಾಣಲೆಂದು ಕಾದಿದ್ದೆ. ತಪ್ಪಾಯಿತೆಂಬ ಒಂದು ಸಣ್ಣ ಗುರುತಾದರೂ ಸಾಕಿತ್ತು. ಅವಳು ಸೆರಗು ಸರಿಮಾಡಿಕೊಂಡು, ಬಾಗಿಲು ಬಿಟ್ಟು ಸರಿದಳು.

“ನೋಡಣ್ಣ, ಬಂದು ನೋಡು. ಎಷ್ಟು ಬಡ್ಕಂಡ್ರೂ ಕೇಳಲ್ಲ ಈಕಿ. ಎಲ್ಲಾ ಇವಳದೇ.”

ನಾನು ಎದುರಿಗೇ ನಿಂತಿದ್ದೆ. ಅವಳ ದನಿ ಒಂದಿಷ್ಟೂ ನಡುಗಲಿಲ್ಲ. ಆ ಮಾತು ಅವಳಿಗೆ ಎಷ್ಟು ರೂಢಿಯಾಗಿದೆ ಎಂದು ಆಗ ತಿಳಿಯಿತು.

ಮಾವ ಒಳಗೆ ಹೋಗಿ, ದಾರಿಯಲ್ಲಿ ಅಡ್ಡಡ್ಡ ನಿಂತು, ಸೂರಿನ ತನಕ ನೋಡಿದರು. “ಇವಳದೇ ಆದ್ರೆ ಇವತ್ತೇ ಖಾಲಿ ಮಾಡಣ” ಎಂದು ಒಂದು ಸೀರೆ ಡಬ್ಬ ತೆಗೆದು ಹಿತ್ತಲಿಗೆ ಎಸೆದರು. ನಾನು ಸುಮ್ಮನೆ ನಿಂತಿದ್ದೆ. ಇನ್ನೊಂದು ಎಸೆದರು. ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮತ್ತೆ ಒಂದು ಬಟ್ಟೆಯ ಗಂಟಿಗೆ ಕೈ ಹಾಕಿದಾಗ ಅವಳು ಹೋಗಿ ಅವರ ಮಣಿಕಟ್ಟು ಹಿಡಿದಳು.

“ಬ್ಯಾಡಣ್ಣ. ಅದೊಂದು ಬ್ಯಾಡ.”

ಮಾವ ಗಂಟನ್ನು ಬಿಡಲಿಲ್ಲ. ಅವ್ವ ಅವರ ಕೈ ಕಚ್ಚಿದಳು. ಬಿಗಿದು ಕಟ್ಟಿದ ತುರುಬು ಬಿಚ್ಚಿಹೋಯಿತು. ಅವಳು ಗಂಟಿನ ಮೇಲೆ ಬಿದ್ದು, ಅದನ್ನು ಅಪ್ಪಿಕೊಂಡು ಉಸಿರು ಕಟ್ಟಿದವಳ ಹಾಗೆ ಒದ್ದಾಡಿದಳು. ಮಾವ ಹಲ್ಲಿನ ಗುರುತಾದ ಕೈಯನ್ನು ನೋಡಿಕೊಳ್ಳುತ್ತಾ ಒಗೆಯುವ ಕಲ್ಲಿನ ಮೇಲೆ ಕೂತರು. ನನ್ನನ್ನು ಕರೆದು ಪಕ್ಕಕ್ಕೆ ಕೂರಿಸಿಕೊಂಡರು. ನಾನು ಗೆದ್ದಿದ್ದೆ, ಆದರೆ ಅವ್ವನನ್ನು ಹಾಗೆ ನೋಡುವಾಗ ಗೆದ್ದ ಹಾಗೆ ಅನ್ನಿಸಲಿಲ್ಲ.

ಪಿಯುಸಿಗೆ ಸೊರಬದಲ್ಲೇ ಸೇರಿದೆ. ಮಾವ ಅವ್ವನನ್ನು ಶಿವಮೊಗ್ಗಕ್ಕೆ ಕರೆದೊಯ್ಯುತ್ತಿದ್ದರು. ಅವಳು ಕೆಲವು ತಿಂಗಳು ಮಾತ್ರೆ ತೆಗೆದುಕೊಂಡಳು, ಬಿಟ್ಟಳು, ಮತ್ತೆ ತೆಗೆದುಕೊಂಡಳು. ಮಂಚದ ಮೇಲಿನ ಸಾಮಾನು ಇಳಿಯಿತು, ಬೇರೆ ಮೂಲೆಯಲ್ಲಿ ಏರಿತು. ಅಪ್ಪ ಒಮ್ಮೆ ಸೊರಬಕ್ಕೆ ಬಂದು ಮಾವನ ಅಂಗಡಿಯ ಮುಂದೆ ಲಾರಿ ನಿಲ್ಲಿಸಿದ. ನನಗೊಂದು ಮೊಬೈಲ್ ತಂದಿದ್ದ. ಯಾಕೆ ಹೌದು ಅಂದೆ ಎಂದು ಕೇಳಿದೆ. ಮನೆ ನಡೀಬೇಕಲ್ಲ ಅಂದ. ಮೊಬೈಲನ್ನು ಅವನ ಸೀಟಿನ ಮೇಲೆ ವಾಪಸ್ ಇಟ್ಟು ಬಂದೆ.

ಶಿಕಾರಿಪುರದಲ್ಲಿ ಆ ಕಥೆಯನ್ನು ಯಾರೂ ತಿದ್ದಲಿಲ್ಲ. ಅವ್ವ ಡಾಕ್ಟರ ಹತ್ತಿರ ಹೋಗಿದ್ದು, ಮಾವನ ಕೈ ಕಚ್ಚಿದ್ದು ಮನೆಯವರಲ್ಲೇ ಉಳಿಯಿತು. ನಾನು ಸೊರಬಕ್ಕೆ ಹೋದದ್ದೂ ಹುಡುಗಿಗೆ ಚಿಕಿತ್ಸೆ ಕೊಡಿಸಲೆಂದೇ ಆಯಿತು. ನನ್ನ ಮದುವೆಯ ಸೀರೆ ತೆಗೆಯಲು ಹೋದಾಗ ಅಂಗಡಿಯ ಹಳೇ ಕೆಲಸದವರೊಬ್ಬರು ನನ್ನ ಗಲ್ಲ ಹಿಡಿದು, “ಈಗ ಆರಾಮೇನವ್ವ? ಆ ಚಟ ಎಲ್ಲಾ ಬಿಟ್ಟುಹೋತಾ?” ಎಂದು ಕೇಳಿದರು. ಭಾವೀ ಅತ್ತೆ ಪಕ್ಕದಲ್ಲೇ ಇದ್ದರು. ಅವ್ವ ಎದುರಿಗೆ ಕೂತು ಸೀರೆ ಬಿಚ್ಚಿ ತೋರಿಸುತ್ತಿದ್ದಳು, ತಲೆ ಎತ್ತಲಿಲ್ಲ. ಅದು ನಾನಲ್ಲ ರೀ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆರಾಮಿದೀನಿ ರೀ ಅಂದೆ.

ಅವತ್ತು ಭಾವೀ ಅತ್ತೆ ತಮ್ಮೂರಿನ ಬಸ್ಸು ಹತ್ತಿದ ಮೇಲೆ, ನನ್ನನ್ನು ಬಸ್ಸಿಗೆ ಕಳಿಸಲು ಬಂದ ಅವ್ವನನ್ನು ನಿಲ್ಲಿಸಿ ಕೇಳಿದೆ. ಯಾರ ಹೆಸರಾದರೂ ಹೇಳಬಹುದಿತ್ತು, ಏನಾದರೂ ಸುಳ್ಳು ಹೇಳಬಹುದಿತ್ತು. ನಾನೇ ಯಾಕೆ?

ಅವ್ವ ನನ್ನ ಕೈಯಲ್ಲಿದ್ದ ಸೀರೆಯ ಚೀಲದ ಬಾಯನ್ನು ನೀಟಾಗಿ ಮಡಚಿದಳು. ನಮ್ಮ ಸುತ್ತ ಜನ ಬಸ್ಸಿಗೆ ಏರುತ್ತಿದ್ದರು.

“ನೀ ಸಣ್ಣಾಕಿ ಇದ್ದೆ. ಸಣ್ಣೋರು ಏನು ಮಾಡಿದ್ರೂ ಜನ ಮರೀತಾರೆ ಅಂದ್ಕಂಡೆ. ನಿನ್ನ ಬಿಟ್ರೆ ಬ್ಯಾರೆ ಯಾರೂ ನನ್ನ ಕಡೆ ನಿಲ್ತಿರಲಿಲ್ಲ.”

ಅವಳು ಹೇಳಿದ್ದು ನಿಜ. ಅದನ್ನು ಕೇಳಿದ ಮೇಲೆ ನನ್ನ ಸಿಟ್ಟು ಇಳಿಯಬೇಕಿತ್ತೇನೋ, ಇಳಿಯಲಿಲ್ಲ. ಅವಳ ಕಡೆ ನಿಂತವಳು ನಾನೊಬ್ಬಳೇ ಎಂದು ಗೊತ್ತಿದ್ದೇ ಅವಳು ನನ್ನನ್ನು ಆರಿಸಿಕೊಂಡಿದ್ದಳು. ಕಂಡಕ್ಟರ್ ಶಿರಾಳಕೊಪ್ಪ, ಸೊರಬ ಎಂದು ಕೂಗುತ್ತಿದ್ದ. ನಾನು ಹತ್ತಿ ಕೂತೆ. ಅವ್ವ ಕಿಟಕಿಯ ಹತ್ತಿರ ಬಂದು, ಊಟ ಮಾಡ್ಕಂಡು ಹೋಗಬೇಕಿತ್ತು ಅಂದಳು. ಎಲ್ಲಿ ಕೂತು ಊಟ ಮಾಡಲಿ ಎಂದು ನಾನು ಕೇಳಲಿಲ್ಲ.