ಗತ್ತಿನ ಗಂಡು

ತೊಂಬತ್ತರ ದಶಕದ ಅರಸೀಕೆರೆಯಲ್ಲಿ ನಾನೂ ಅಕ್ಕನೂ ಬಾಡಿಗೆಗೆ ತಂದು ಓದಿದ ಕಾದಂಬರಿಗಳಿಗೆ ಲೆಕ್ಕವಿಲ್ಲ. ಯಾವುದನ್ನು ತೆಗೆದರೂ ನಾಯಕ ಒಬ್ಬನೇ. ನಗುವುದಿಲ್ಲ, ಮಾತಿಗೆ ಮುಂಚೆ ಕಣ್ಣು ಕೆಂಪಗೆ ಮಾಡುತ್ತಾನೆ, ನಾಯಕಿಯ ಕೆನ್ನೆಗೆ ಒಂದು ಬಿಗಿಯುತ್ತಾನೆ. ಅವಳು ಕೆನ್ನೆ ಸವರಿಕೊಂಡು ಪುಳಕಗೊಳ್ಳುತ್ತಾಳೆ! ಅಕ್ಕ ಅವರೆಕಾಯಿ ಸುಲಿಯುತ್ತಿದ್ದಳು, ನಾನು ಓದುತ್ತಿದ್ದೆ. ಹೊಡೆತದ ಪುಟ ಬಂದರೆ "ಇನ್ನೊಂದ್ಸಲ ಓದೇ" ಅನ್ನುತ್ತಿದ್ದಳು. ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ!

ಅಕ್ಕನನ್ನು ನೋಡಲು ಮೊದಲು ಬಂದವರು ಜಾವಗಲ್ ಕಡೆಯ ಮೇಷ್ಟ್ರು. ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡರು, ಚೆನ್ನಾಗಿದೆ ಅಂದರು, ಹೊರಡುವಾಗ ಅಕ್ಕನನ್ನೇ "ನಿಮಗೆ ಒಪ್ಪಿಗೆ ಇದೆಯಾ?" ಅಂತ ಕೇಳಿಬಿಟ್ಟರು. ನಾವಿಬ್ಬರೂ ಅಡುಗೆಮನೆಗೆ ಓಡಿ ಬಿದ್ದೂ ಬಿದ್ದೂ ನಕ್ಕೆವು. ಹೀರೋ ಅನ್ನಿಸಿಕೊಂಡವನು ಎಲ್ಲಾದರೂ ಒಪ್ಪಿಗೆ ಕೇಳುತ್ತಾನಾ?

ಮುಂದಿನ ವಾರ ಬೇಲೂರಿನವನು ಬಂದ. ಉಪ್ಪಿಟ್ಟು ಮುಟ್ಟಲಿಲ್ಲ. ಕಾಫಿ ಆರಿದೆ ಅಂತ ಲೋಟ ಕುಕ್ಕಿದ. ಅಕ್ಕನನ್ನು ದುರುಗುಟ್ಟಿ ನೋಡಿ, "ಮದ್ವೆ ಆದ್ಮೇಲೆ ಕೆಲ್ಸ ಗಿಲ್ಸ ಅಂತ ಹೊರಗೆ ಹೋಗೋದೆಲ್ಲ ಆಗಲ್ಲ" ಅಂದ. ಅಮ್ಮನ ಮುಖ ಸಪ್ಪಗಾಯಿತು. ನಾನು ಅಕ್ಕನ ಪಕ್ಕೆ ತಿವಿದು, "ಗತ್ತು ನೋಡೇ!" ಅಂದೆ. ಅಕ್ಕ ಅವನಿಗೇ ಹೂಂ ಅಂದಳು.

ಮದುವೆಯಾದ ಆರು ತಿಂಗಳಿಗೆ ನನ್ನ ಹೆಸರಿಗೆ ಅವಳಿಂದ ಇನ್‌ಲ್ಯಾಂಡ್ ಪತ್ರ ಬಂತು. ಪಕ್ಕದ ಮನೆಯವರ ಜೊತೆ ಹಳೇಬೀಡಿಗೆ ಹೋಗಿ ಬಂದಿದ್ದಕ್ಕೆ ಹೊಡೆದರು, ಅಪ್ಪನಿಗೆ ಹೇಳಲಾ ಅಂತ ಕೇಳಿದ್ದಳು. ನಾನು ಪಿಯುಸಿ ಓದುತ್ತಿದ್ದ ಮಹಾ ಪಂಡಿತೆ. ಅಪ್ಪನಿಗೆ ತೋರಿಸದೆ ಉತ್ತರ ಬರೆದೆ: "ಸುಮ್ನಿರೇ, ಅದು ಕೋಪ ಅಲ್ಲ, ಪ್ರೀತಿ ಹೆಚ್ಚಾಗಿರೋದು. ಬಿಟ್ಟು ಬರೋ ಯೋಚ್ನೆ ಮಾಡ್ಬೇಡ. ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರಬೇಕು." ಇವತ್ತಿಗೂ ನೆನೆದರೆ ಆ ಕೈಗೆ ನಾನೇ ಬರೆ ಹಾಕಿಕೊಳ್ಳಬೇಕು ಅನ್ನಿಸುತ್ತದೆ. ಆ ಮನೆಗೆ ಬಂದ ಕಾಗದ ಯಾರ ಹೆಸರಿಗಿದ್ದರೂ ಮೊದಲು ಒಡೆಯುವವನು ಅವನೇ ಅಂತ ನನಗೇನು ಗೊತ್ತಿತ್ತು?

ಒಂದು ದಿನ ಬೇಲೂರಿನ ನೆಂಟರೊಬ್ಬರು ಬಂದು, "ನಿಮ್ಮ ಮಗಳ ಕೈ ಊದಿಕೊಂಡಿತ್ತು ಕಣ್ರೀ" ಅಂದರು. ಅಪ್ಪ ಅವಳನ್ನು ಕರೆತರುತ್ತೇನೆ ಅಂತ ಮಾರನೇ ಬೆಳಿಗ್ಗೆಯ ಬಸ್ಸಿಗೇ ಹೋದರು. ಸಂಜೆ ಒಬ್ಬರೇ ಬಂದರು.

"ಅಕ್ಕ ಎಲ್ಲಪ್ಪಾ?"

ಅಪ್ಪ ಚಪ್ಪಲಿ ಬಿಟ್ಟು ಜಗಲಿಯಲ್ಲಿ ಕೂತರು. ಅಳಿಯ ನಾಲ್ಕು ಜನ ಹಿರಿಯರನ್ನು ಸೇರಿಸಿ, ಅವರ ಮುಂದೆ ನನ್ನ ಕಾಗದ ಓದಿ ಹೇಳಿದನಂತೆ. ಒಡಹುಟ್ಟಿದವಳೇ ಹೀಗೆ ಬರೆದಿರುವಾಗ ನಿಮ್ಮದೇನು ತಕರಾರು ಅಂತ ಅವರು ಕೇಳಿದರಂತೆ. ಅಕ್ಕ ಬಾಗಿಲ ಹಿಂದೆ ನಿಂತಿದ್ದಳಂತೆ.

"ನಿನ್ನ ಅಕ್ಷರ ತುಂಬಾ ಮುದ್ದಾಗಿದೆ ಅಂದ್ರು ಕಣಮ್ಮಾ" ಅಂದರು ಅಪ್ಪ.

ಅಕ್ಕ ಮನೆಗೆ ಬರಲು ಇನ್ನೂ ಮೂರು ವರ್ಷ ಹಿಡಿಯಿತು.