ಸುರಂಗದ ಮೇಲೆ ನಾನಿಟ್ಟ ಗುರುತು

ದಾರಿ ಕೇಳುವುದೆಂದರೆ ನನಗೆ ಆಗದು. ನಮ್ಮ ಕಡೆ ದಾರಿ ಕೇಳಿದರೆ ಯಾರೂ ದಾರಿ ಹೇಳುವುದಿಲ್ಲ. ಎಲ್ಲಿಂದ ಬಂದಿರಿ, ಯಾರ ಮಗ, ಹೆಂಡತಿಯ ತವರು ಯಾವುದು ಎಂದು ಜಾತಕವನ್ನೇ ಬಿಡಿಸುತ್ತಾರೆ. ಅದಕ್ಕಿಂತ ಆಕಾಶದ ಉಪಗ್ರಹ ಮೇಲು, ಅದು ಸಂಬಂಧ ಹುಡುಕುವುದಿಲ್ಲ ಎಂದು ನಾನು ವಾದಿಸುತ್ತಿದ್ದೆ. ಉಪ್ಪಳ ಪೇಟೆಯಿಂದ ಮೀನು ತರುವುದಕ್ಕೂ ಇವರಿಗೆ ಉಪಗ್ರಹ ಬೇಕು ಎಂದು ಹೆಂಡತಿ ಬಂದವರೆದುರೆಲ್ಲ ತಮಾಷೆ ಮಾಡುತ್ತಿದ್ದಳು.

ಈ ಹುಚ್ಚು ಹಿಡಿದದ್ದು ಗಲ್ಫಿನಲ್ಲಿ. ಇಪ್ಪತ್ತು ವರ್ಷ ಮರುಭೂಮಿಯಲ್ಲಿ ಜಾಗ ಅಳೆಯುವ ಕೆಲಸ ಮಾಡಿದವನು ನಾನು. ಅಂಗೈಯಷ್ಟಿದ್ದ ಜಿಪಿಎಸ್ ನನ್ನ ಅನ್ನದ ಬಟ್ಟಲು. ರಜೆಯ ದಿನ ನಾಲ್ಕೈದು ಮಂದಿ ಜೀಪು ಕಟ್ಟಿಕೊಂಡು ದಾರಿಯೇ ಇಲ್ಲದ ಮರಳಿನೊಳಗೆ ಹೋಗುತ್ತಿದ್ದೆವು. ಹಾಗೆ ತಿರುಗುವವರಲ್ಲಿ ಬರೆಯದ ಒಂದು ನಿಯಮವಿತ್ತು: ನೀರು ಕಂಡಲ್ಲಿ ಗುರುತು ಹಾಕಬೇಕು, ಆ ಗುರುತನ್ನು ಎಲ್ಲರಿಗೂ ಹಂಚಬೇಕು. ಒಮ್ಮೆ ಜೀಪು ಕೆಟ್ಟು ನಮ್ಮ ನೀರು ಮುಗಿದಾಗ, ಯಾರೋ ಗುರುತಿಸಿಟ್ಟ ಬಾವಿಯೇ ನಮ್ಮನ್ನು ಉಳಿಸಿತು. ಆ ಪುಣ್ಯಾತ್ಮ ಯಾರೆಂದು ಇವತ್ತಿಗೂ ಗೊತ್ತಿಲ್ಲ. ನೀರಿನ ಗುರುತು ಹಂಚುವುದಕ್ಕಿಂತ ದೊಡ್ಡ ಧರ್ಮವಿಲ್ಲ ಎಂದು ಅವತ್ತೇ ತಲೆಯಲ್ಲಿ ಕೂತುಬಿಟ್ಟಿತು.

ಊರಿಗೆ ಬಂದ ಮೇಲೂ ಚಪಲ ಬಿಡಲಿಲ್ಲ. ಒಂದು ಬೈಕು ಕೊಂಡು ಗಡಿಯ ಕಡೆಯ ಗುಡ್ಡಗಳನ್ನು ಸುತ್ತತೊಡಗಿದೆ. ದೇಲಂಪಾಡಿ ದಾಟಿ ಕಾಡಿನ ಅಂಚು ಹಿಡಿದರೆ ಫೋನಿಗೆ ರೇಂಜು ಇರುವುದಿಲ್ಲ, ಜಿಪಿಎಸ್ಸಿಗೆ ಅದರ ಹಂಗೂ ಇಲ್ಲ. ನಡೆದ ದಾರಿಯ ಗೆರೆಯನ್ನು ಸಂಜೆ ಮನೆಯಲ್ಲಿ ಕೂತು ಚಾರಣಿಗರ ಒಂದು ಆನ್‌ಲೈನ್ ನಕ್ಷೆಗೆ ಏರಿಸುತ್ತಿದ್ದೆ. ಕಂಡರಿಯದವರು ಮೆಚ್ಚಿ ಬರೆಯುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಆ ಮೆಚ್ಚುಗೆ ಓದದೆ ನನಗೆ ಊಟ ಸೇರುತ್ತಿರಲಿಲ್ಲ.

ಒಂದು ಏಪ್ರಿಲಿನಲ್ಲಿ ಆ ಕಡೆ ಹೋದವನಿಗೆ ರಬ್ಬರ್ ತೋಟದ ಕೊನೆಯಲ್ಲಿ ದಾರಿ ಮುಗಿಯಿತು. ಬೈಕನ್ನು ಅಲ್ಲೇ ಬಿಟ್ಟು, ಯಂತ್ರ ತೋರಿಸಿದ ಕಡೆಗೆ ಕೆಂಪು ಮುರಕಲ್ಲಿನ ಗುಡ್ಡ ಹತ್ತಿದೆ. ಮರದ ನೆರಳಿಲ್ಲ, ಕಾಲಡಿಯಲ್ಲಿ ಕಾದ ಕಾವಲಿ. ಬಾಟಲಿ ಬರಿದಾಗಿತ್ತು. ಆಚೆ ಬದಿ ಇಳಿದಾಗ ಒಂದು ಹಂಚಿನ ಮನೆ ಕಂಡಿತು. ಅರುವತ್ತರ ಹತ್ತಿರದ ಒಬ್ಬ ಹೆಂಗಸು ದನದ ಹಟ್ಟಿಯಿಂದ ಹೊರಗೆ ಬಂದರು. ಯಾರು, ಎತ್ತ ಎಂದು ಒಂದು ಮಾತು ಕೇಳಲಿಲ್ಲ. ಒಳಗೆ ಹೋಗಿ ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು ತಂದಿಟ್ಟರು. ಅಷ್ಟು ತಣ್ಣಗಿನ ನೀರು ನಾನು ಫ್ರಿಜ್ಜಿನಿಂದಲೂ ಕುಡಿದವನಲ್ಲ.

ಎಲ್ಲಿಯ ನೀರು ಎಂದು ಕೇಳಿದೆ. ಮನೆಯ ಹಿಂದಿನ ಗುಡ್ಡದ ಬದಿಗೆ ಕರೆದುಕೊಂಡು ಹೋದರು. ಒಬ್ಬ ಬಗ್ಗಿ ನುಗ್ಗುವಷ್ಟು ಎತ್ತರದ ಸುರಂಗ, ನಮ್ಮ ಕಡೆ ಬಾವಿಯ ಬದಲು ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆಯುವಂಥದ್ದು. ಗುಡ್ಡದ ಹೊಟ್ಟೆಯೊಳಗೆ ಒಸರುವ ನೀರಿಗೆ ಒಳಗೇ ಮಣ್ಣಿನ ಕಟ್ಟೆ ಕಟ್ಟಿ, ಪೈಪಿನಲ್ಲಿ ಅಂಗಳದ ತೊಟ್ಟಿಗೆ ತಂದಿದ್ದರು. ಅವರ ಗಂಡ ಮದುವೆಯಾದ ಹೊಸತರಲ್ಲಿ ಒಬ್ಬರೇ ಕೊರೆದದ್ದಂತೆ, ಎರಡು ಬೇಸಿಗೆ. ಕಡಿದ ಮಣ್ಣನ್ನೆಲ್ಲ ಹೊರಗೆ ಹೊತ್ತದ್ದು ಇವರು. ಗಂಡ ತೀರಿಹೋಗಿ ವರ್ಷಗಳಾಗಿದ್ದವು; ಇವರು, ಮಗಳು, ಎರಡು ದನ ಆ ನೀರಿನಲ್ಲೇ ಬದುಕುತ್ತಿದ್ದರು. ಬೇರೆ ಬಾವಿ ಇಲ್ಲ, ಬೋರು ಕೊರೆದರೆ ಅಲ್ಲಿ ಬರೀ ಧೂಳು. ಚಪ್ಪಲಿ ತೆಗೆದು ಹೋಗಿ ಎಂದರು. ಹತ್ತು ಹೆಜ್ಜೆ ಒಳಗೆ ಹೋದದ್ದೇ ತಡ ಯಂತ್ರಕ್ಕೆ ಉಪಗ್ರಹಗಳೆಲ್ಲ ತಪ್ಪಿಹೋದವು. ಹೊರಗೆ ಬಂದು ಸಿಗ್ನಲ್ ಸಿಕ್ಕುವವರೆಗೆ ಕಾದು, ಸುರಂಗದ ಬಾಯಿಯ ಹತ್ತಿರವೇ ನಿಂತು ಗುರುತು ಒತ್ತಿದೆ. ಅವರು ಅದನ್ನು ನೋಡುತ್ತಲೇ ಇದ್ದರು. ಎಂತ ಅದು ಎಂದೂ ಕೇಳಲಿಲ್ಲ.

ಮನೆಗೆ ಬಂದು ನಕ್ಷೆಗೆ ಏರಿಸುವಾಗ ಒಂದು ಕ್ಷಣ ಯೋಚಿಸಿದೆ. ಸುರಂಗ ಎಂದು ಬರೆದರೆ ಹೊರಗಿನವರಿಗೆ ಎಂತ ಅರ್ಥವಾಗುತ್ತದೆ? ಬರುವವರಾದರೂ ಯಾರು? ‘ಗುಹೆ. ಒಳಗೆ ತಣ್ಣೀರು ಉಂಟು’ ಎಂದು ಬರೆದೆ. ಒಂದು ಮನೆಯವರು ಕೈಯಾರೆ ಕೊರೆದ ನೀರಿನ ದಾರಿಯನ್ನು, ಸುರಂಗದ ಊರಿನಲ್ಲೇ ಹುಟ್ಟಿದ ನಾನು, ಗುಹೆ ಎಂದು ಬರೆದೆ. ನಕ್ಷೆಯಲ್ಲಿ ಎಲ್ಲರೂ ಹೊಗಳಿ ನನ್ನನ್ನು ಅಟ್ಟಕ್ಕೇರಿಸಿದರು.

ಮರುವರ್ಷದ ಬೇಸಿಗೆಯಲ್ಲಿ ಖರ್ಜೂರದ ಪೊಟ್ಟಣ ಹಿಡಿದುಕೊಂಡು ಆ ಮನೆಗೆ ಹೋದೆ. ತೊಟ್ಟಿ ಒಣಗಿತ್ತು. ತಳದಲ್ಲಿ ತರಗೆಲೆ. ಕೆಳಗೆ ಹರಿಯುವ ತೋಡಿನಿಂದ ಮಗಳು ಎರಡು ಕೊಡ ನೀರು ಹೊತ್ತು ಹತ್ತಿ ಬರುತ್ತಿದ್ದಳು. ಎಂತಾಯಿತು ಎಂದು ಆ ಹೆಂಗಸಿನ ಹತ್ತಿರ ಕೇಳಿದೆ. ಅವರು ಬೇಸರದಲ್ಲಿ ಹೇಳುತ್ತ ಹೋದರು: ಮಳೆ ಬಿಟ್ಟ ಮೇಲೆ ಆದಿತ್ಯವಾರ ಬಂದರೆ ಸಾಕು, ಬೈಕು. ತಲೆಗೆ ಲೈಟು ಕಟ್ಟಿಕೊಂಡವರು. ಬೂಟುಕಾಲಿನಲ್ಲಿ ಕಟ್ಟೆಯ ಮೇಲೆ ನಿಂತು ಫೋಟೋ. ಬೇಡ ಎಂದರೆ ಇದು ಗುಹೆ, ನಕ್ಷೆಯಲ್ಲಿ ಉಂಟು ಎನ್ನುತ್ತಿದ್ದರಂತೆ. ಕಟ್ಟೆ ಒಡೆಯಿತು. ಮತ್ತೊಂದು ತಂಡ ಆಚೆ ದಾರಿ ಉಂಟೋ ಎಂದು ಒದ್ದೆ ಗೋಡೆಯನ್ನು ಕೆದಕಿತು. ಅವರು ಹೊರಗೆ ಬಂದ ಮರುದಿನ ಒಳಗೆ ತಲೆಮೇಲಿನ ಮಾಡು ಕುಸಿದು ನೀರಿಗೆ ಅಡ್ಡ ಬಿತ್ತು. ಒಂದು ದಿನ ಮೊದಲಾಗಿದ್ದರೆ ಜೀವವೇ ಹೋಗುತ್ತಿತ್ತು.

“ಯಾರು ಹೇಳಿದ್ದು ನಿಮಗೆ ಅಂತ ಕೇಳಿದರೆ ಫೋನು ತೋರಿಸುತ್ತಾರೆ. ಫೋನನ್ನು ಬೈಯಲಿಕ್ಕೆ ಆಗುತ್ತದಾ?” ಎಂದರು.

ಅವರಿಗೆ ಗೊತ್ತಿರಲಿಲ್ಲ. ಖರ್ಜೂರ ಕೊಟ್ಟು ಎದ್ದು ಬರಬಹುದಿತ್ತು. ಹಾಗೆ ಮಾಡುವ ಮನಸ್ಸೂ ಬಂದಿತ್ತು, ಅದನ್ನೂ ಹೇಳಿಬಿಡುತ್ತೇನೆ. ಆದರೆ ಮಗಳು ಕೊಡ ಇಳಿಸಿ, ಮೊದಲ ಲೋಟ ನೀರನ್ನು ನನ್ನ ಮುಂದೆ ಇಟ್ಟಳು. ಲೋಟವನ್ನು ನಾನು ಮುಟ್ಟಲಿಲ್ಲ. ಗುರುತು ಹಾಕಿದವನು ನಾನೇ ಎಂದೆ.

ಆ ಹೆಂಗಸು ಬೈಯುತ್ತಾರೆಂದು ಕಾದೆ, ಬೈದಿದ್ದರೆ ಹಗುರಾಗುತ್ತಿತ್ತು.

“ಬಾಯಾರಿ ಬಂದಿರಿ, ನೀರು ಕೊಟ್ಟೆ,” ಎಂದರು. “ಊರಿಗೆಲ್ಲ ಹೇಳಿ ಅಂತ ನಾನು ಹೇಳಿದ್ದುಂಟಾ?”

ಮರುಭೂಮಿಯ ಬಾವಿಯ ಪಕ್ಕದಲ್ಲಿ ಮನೆ ಇರಲಿಲ್ಲ. ಅಲ್ಲಿ ಧರ್ಮವಾದದ್ದು ಇಲ್ಲಿ ಕಳ್ಳನಿಗೆ ಬೀಗದ ಕೈ ಕೊಟ್ಟ ಹಾಗಾಗುತ್ತದೆ ಎಂದು ಇಷ್ಟು ವಯಸ್ಸಾದವನಿಗೆ ಹೊಳೆಯಲಿಲ್ಲವಲ್ಲ!

ಸುರಂಗ ಕೊರೆಯುವವರು ಈಗ ಬೆರಳೆಣಿಕೆ. ಬೋವಿಕಾನ ಪೇಟೆಯ ಆಚೆ ಒಬ್ಬರನ್ನು ಹುಡುಕಿ ಕರೆತಂದೆ, ದಾರಿ ಕೇಳಿ ಕೇಳಿಯೇ. ಅವರು ಒಳಗೆ ಕೂತು ಕಡಿದರು, ನಾನು ಮಣ್ಣು ಹೊತ್ತೆ. ಎರಡನೆಯ ದಿನ ಸೊಂಟ ನೆಟ್ಟಗಾಗಲಿಲ್ಲ. ಆ ಹೆಂಗಸು ಬುಟ್ಟಿ ಎತ್ತುವ ಕ್ರಮವೇ ನಿಮಗೆ ಗೊತ್ತಿಲ್ಲ ಎಂದು ರೇಗಿ, ತಾವೇ ಬುಟ್ಟಿ ತೆಗೆದುಕೊಂಡು ಮಣ್ಣು ಹೊರಲು ನಿಂತರು. ಒಂಬತ್ತನೆಯ ದಿನ ನೀರು ಬಂತು, ನೂಲಿನ ಹಾಗೆ. ಮೊದಲಿನಷ್ಟು ಇಲ್ಲ. ಒಂದು ದನವನ್ನು ಅವರು ಕೊಟ್ಟುಬಿಡಬೇಕಾಯಿತು.

ಗುರುತನ್ನು ತಪ್ಪು ಒಪ್ಪಿಕೊಂಡ ದಿನ ರಾತ್ರಿಯೇ ಅಳಿಸಿದ್ದೆ. ಆದರೆ ಅಷ್ಟರಲ್ಲಿ ಅದನ್ನು ನಕಲು ಮಾಡಿಕೊಂಡವರು ಎಷ್ಟೋ. ಗುಡಿಸಿದಷ್ಟೂ ಬೀಳುವ ತರಗೆಲೆ. ಹಾಗಾಗಿ ಮಳೆಗಾಲ ಬಿಟ್ಟು ಉಳಿದ ಆದಿತ್ಯವಾರಗಳಲ್ಲಿ ರಬ್ಬರ್ ತೋಟದ ಕೊನೆಯಲ್ಲಿ ಹೋಗಿ ಕೂರುತ್ತೇನೆ. ಬಂದವರನ್ನು ಹಿಂದೆ ಕಳಿಸುವುದು ಕೆಲಸ. ಹೆಂಡತಿ ಈಗ ತಮಾಷೆ ಮಾಡುವುದಿಲ್ಲ, ಬುತ್ತಿ ಕಟ್ಟಿಕೊಡುತ್ತಾಳೆ.

ಮೊನ್ನೆ ಮೂರು ಬೈಕು ಬಂದವು. ಮುಂದೆ ಇದ್ದವನಿಗೆ ಗಡ್ಡ ನೆರೆಯುತ್ತ ಬಂದಿತ್ತು, ಮರ್ಯಾದಸ್ಥನ ಹಾಗೆ ಕಂಡ. ಮೇಲೆ ದಾರಿ ಇಲ್ಲ, ಗುಹೆಯೂ ಇಲ್ಲ ಎಂದೆ. ಅವನು ಫೋನನ್ನೂ ನನ್ನನ್ನೂ ನೋಡಿ ನಕ್ಕ.

“ನಿಮಗೆ ಗೊತ್ತಿರಲಿಕ್ಕಿಲ್ಲ ಮಾರಾಯ್ರೆ. ಇದನ್ನು ಹಾಕಿದವರು ಈ ಕಡೆಯ ಗುಡ್ಡವನ್ನೆಲ್ಲ ನಡೆದವರು. ಅವರ ಗುರುತು ಒಂದೂ ತಪ್ಪಿದ್ದಿಲ್ಲ.”

ಹಾಕಿದ್ದು ನಾನು ಎಂದೆ. ಅವನು ನಂಬಲಿಲ್ಲ. ಗುರುತು ಹಾಕಿದ ದಿನದ ಗೆರೆ ಇನ್ನೂ ಉಳಿದಿದ್ದ ನನ್ನ ಯಂತ್ರವನ್ನು ತೆಗೆದು ತೋರಿಸಿದೆ. ಅವನ ನಗು ನಿಂತಿತು.

“ಹಾಗಾದರೆ ನೀರು ಉಂಟು?”

“ಉಂಟು. ಅದು ಒಂದು ಮನೆಯವರದ್ದು.”

“ಗೊತ್ತಿದ್ದೂ ಮತ್ತೆ ಯಾಕೆ ಹಾಕಿದ್ದು?”

ಯಾರೂ ಕೇಳಿರಲಿಲ್ಲ ಅದನ್ನು, ಆ ಹೆಂಗಸು ಕೂಡ. ಮರುಭೂಮಿಯ ಕಥೆ ಬಾಯಿಯವರೆಗೆ ಬಂತು.

“ನಾಲ್ಕು ಜನ ಹೊಗಳಲಿ ಅಂತ,” ಎಂದೆ.

ಅವನು ಫೋನನ್ನು ಕಿಸೆಗೆ ಹಾಕಿ, ಬೈಕು ತಿರುಗಿಸಿದ.