ಚಾರ್ಜ್ ಉಂಟಾ?

ಅವರ ಅಂಗಿಯ ಹೊಟ್ಟೆಯ ಭಾಗದಲ್ಲಿ ಯಾವಾಗಲೂ ಸಣ್ಣ ಸಣ್ಣ ತೂತುಗಳಿರುತ್ತಿದ್ದವು. ಬ್ಯಾಟರಿಯ ಆಸಿಡ್ ಹಾರಿ ಸುಟ್ಟ ತೂತುಗಳು. ಹೊಸ ಅಂಗಿ ತೊಟ್ಟರೂ ತಿಂಗಳೊಳಗೆ ಅದು ಜರಡಿ. ಬಲಗೈ ಹೆಬ್ಬೆರಳಿನ ಉಗುರು ಹಳದಿಗಟ್ಟಿ ದಪ್ಪವಾಗಿತ್ತು. ಆ ಉಗುರಿನಿಂದಲೇ ತಂತಿಯ ಮೇಲಿನ ಹೊದಿಕೆ ಸುಲಿಯುತ್ತಿದ್ದರು. ಕೇರಳದ ತ್ರಿಪ್ಪುಣಿತ್ತುರದ ಗಲ್ಲಿಯೊಂದರಲ್ಲಿ ಲಾರಿ ಮತ್ತು ಇನ್ವರ್ಟರ್ ಬ್ಯಾಟರಿಗಳನ್ನು ರಿಪೇರಿ ಮಾಡುವ ಅಂಗಡಿ ಅವರದು. ಗಲ್ಲಿಯವರೆಲ್ಲ ಅವರನ್ನು ‘ಆಶಾನ್’ ಎನ್ನುತ್ತಿದ್ದರು. ಮಲಯಾಳದಲ್ಲಿ ಹಾಗೆಂದರೆ ಗುರು. ನಾನೂ ಹಾಗೇ ಕರೆದೆ.

ನನ್ನ ಎರಡೂ ಕಾಲುಗಳಿಗೆ ಚಿಕ್ಕಂದಿನಿಂದ ಬಲವಿಲ್ಲ. ಮೈಸೂರಿನಿಂದ ಅಲ್ಲೇ ಹತ್ತಿರದ ಕಾಕ್ಕನಾಡಿಗೆ ಕೆಲಸಕ್ಕೆ ಬಂದಾಗ, ಒಬ್ಬಳೇ ಇರುತ್ತೇನೆಂದು ಹಟ ಹಿಡಿದು ಬ್ಯಾಟರಿ ವೀಲ್‌ಚೇರ್ ಕೊಂಡಿದ್ದೆ. ಏನಾದರೂ ಒಂದು ಹೆಚ್ಚುಕಮ್ಮಿಯಾದರೆ ಗಂಟುಮೂಟೆ ಕಟ್ಟಿ ಮನೆಗೆ ಬರಬೇಕು ಎಂಬ ಷರತ್ತಿನ ಮೇಲೆ ಅಮ್ಮ ಒಪ್ಪಿದ್ದಳು. ತಿಂಗಳು ತುಂಬುವ ಮೊದಲೇ ಹೆಚ್ಚುಕಮ್ಮಿಯಾಯಿತು. ಆಫೀಸಿನಿಂದ ಬರುವಾಗ ಕುರ್ಚಿ ರಸ್ತೆಯ ಅಂಚಿನಲ್ಲಿ ನಿಂತೇಬಿಟ್ಟಿತು. ಆಟೋದವನೊಬ್ಬ ಯಾರಿಗೋ ಫೋನ್ ಮಾಡಿದ. ಮಳೆಹನಿಯಲ್ಲಿ ಸ್ಕೂಟರ್ ಮೇಲೆ ಆಶಾನ್ ಬಂದರು. ನಾನು ಅಮ್ಮನ ಹತ್ತಿರ ಫೋನಿನಲ್ಲಿ ಏನೂ ಆಗಿಲ್ಲವೆಂದು ಸುಳ್ಳು ಹೇಳುತ್ತಿದ್ದುದನ್ನು ಕೇಳಿಸಿಕೊಂಡು, ಸೀಟಿನ ಕೆಳಗೆ ಕೈ ಹಾಕಿಕೊಂಡೇ ಕನ್ನಡದಲ್ಲಿ ಕೇಳಿದರು:

“ಎಂತ ಮಾರಾಯ್ತಿ, ಪೂರ್ತಿ ಖಾಲಿ ಮಾಡಿ ಆಮೇಲೆ ಚಾರ್ಜಿಗೆ ಹಾಕುವುದಾ?”

ಪ್ರಾಯದಲ್ಲಿ ಮಂಗಳೂರಿನ ಲಾರಿ ಗ್ಯಾರೇಜಿನಲ್ಲಿ ಕಲಿತ ಕನ್ನಡವಂತೆ. ಅವರ ‘ಮಾರಾಯ್ತಿ’ಗೆ ನಾನು ನಕ್ಕೆ, ನನ್ನ ‘ಹೋಗ್ತಾ ಇದೀನಿ’ಗೆ ಅವರು ನಕ್ಕರು. ನನ್ನನ್ನು ಮಾತ್ರ ಮಲಯಾಳದಲ್ಲೇ ‘ಮೋಳೇ’ ಎಂದರು, ಮಗಳೇ ಎಂದು.

ಬ್ಯಾಟರಿಯ ಪಾಠವನ್ನು ಕಂತುಕಂತಾಗಿ ಹೇಳಿಕೊಟ್ಟರು. ಸ್ವಲ್ಪವೇ ಓಡಾಡಿದ್ದರೂ ದಿನವೂ ಚಾರ್ಜಿಗೆ ಹಾಕಬೇಕು. ಕುರ್ಚಿಯ ಜೊತೆ ಬಂದ ಚಾರ್ಜರನ್ನೇ ಬಳಸಬೇಕು, ಎಕ್ಸ್‌ಟೆನ್ಷನ್ ಬಾಕ್ಸು ಬೇಡವೇ ಬೇಡ. ಕಿಟಕಿ ತೆರೆದಿರಲಿ. ಚಾರ್ಜರಿನ ಮೇಲೆ ಕರ್ಚೀಫನ್ನೂ ಹಾಕಕೂಡದು. ಒಳಗಿರುವ ಎರಡು ಬ್ಯಾಟರಿಗಳನ್ನು ಬದಲಾಯಿಸಿದರೆ ಎರಡನ್ನೂ ಒಟ್ಟಿಗೇ. ಒಂದು ಹಳತು ಒಂದು ಹೊಸತು ಇಟ್ಟರೆ ಹಳತು ಹೊಸತನ್ನೂ ಕೆಡಿಸುತ್ತದೆ. ಫೋನ್ ಮಾಡಿದರೆ ಹಲೋ ಎನ್ನುವ ಅಭ್ಯಾಸವೇ ಅವರಿಗಿರಲಿಲ್ಲ. “ಚಾರ್ಜ್ ಉಂಟಾ?” ಎನ್ನುತ್ತಿದ್ದರು. ಕುರ್ಚಿಗೋ ನನಗೋ ಎಂದು ನಾನು ತಮಾಷೆ ಮಾಡಿದರೆ ಎರಡಕ್ಕೂ ಎನ್ನುತ್ತಿದ್ದರು.

ಆ ವರ್ಷ ನವರಾತ್ರಿಗೆ ಅಮ್ಮ ಬಂದಿದ್ದಳು. ಆಯುಧಪೂಜೆಯ ಬೆಳಿಗ್ಗೆ ನಾನಿನ್ನೂ ಹಾಸಿಗೆ ಬಿಟ್ಟಿರಲಿಲ್ಲ. ಮನೆಯ ಸ್ಕೂಟರಿಗೆ ಮಾಡುವ ಹಾಗೆ ಅಮ್ಮ ನನ್ನ ಕುರ್ಚಿಗೆ ಬಾತ್‌ರೂಮಿನಲ್ಲಿ ಚೊಂಬಿನಿಂದ ನೀರು ಸುರಿದು ಮೀಯಿಸಿದಳು. ವಿಭೂತಿ ಬಳಿದು, ಅರಿಶಿನ ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ, ಚಕ್ರಕ್ಕೆ ನಿಂಬೆಹಣ್ಣಿಟ್ಟಳು. ಹಬ್ಬದ ದಿನ ಅದಕ್ಕೂ ಹೊಟ್ಟೆ ತುಂಬಲಿ ಎಂದು ನನ್ನ ಕೋಣೆಗೆ ತಂದು ಚಾರ್ಜಿಗೆ ಹಾಕಿದಳು. ಬರಿಯ ಚಾರ್ಜರ್ ನೋಡಲು ಚೆನ್ನಾಗಿಲ್ಲವೆಂದು ಅದರ ಮೇಲೊಂದು ಹೊಸ ರವಿಕೆ ಬಟ್ಟೆ ಹೊದಿಸಿ ಅಡುಗೆಮನೆಗೆ ಹೋದಳು. ನೀರು ಸುರಿದದ್ದು ನನಗೆ ಗೊತ್ತಿರಲಿಲ್ಲ. ಬಟ್ಟೆ ಹೊದಿಸಿದ್ದನ್ನು ಕಂಡೆ. ಅಮ್ಮನ ಸಂಭ್ರಮ ಕೆಡಿಸಬಾರದೆಂದು ಸುಮ್ಮನಿದ್ದೆ.

ಸ್ವಲ್ಪ ಹೊತ್ತಿಗೆ ರವಿಕೆ ಬಟ್ಟೆಯ ನಡುವೆ ಕಂದು ಕಲೆಯೊಂದು ಹರಡತೊಡಗಿತು. ಆಮೇಲೆ ಸುಟ್ಟ ವಾಸನೆ. ಸ್ವಿಚ್ಚು ಎದುರಿನ ಗೋಡೆಯಲ್ಲಿ, ನಾನು ಮಂಚದ ಮೇಲೆ. ಅಮ್ಮಾ ಎಂದು ಕೂಗಿದೆ. ಅಡುಗೆಮನೆಯಲ್ಲಿ ಮಿಕ್ಸಿ ಓಡುತ್ತಿತ್ತು. ಅದು ನಿಲ್ಲುವವರೆಗೆ ಆ ಕಲೆ ಅಂಗೈಯಗಲ ಆಗುವುದನ್ನು ನೋಡುತ್ತಾ ಕೂತಿದ್ದೆ. ನನ್ನ ಬದುಕಿನಲ್ಲಿ ಅಷ್ಟು ಹೆದರಿದ್ದು ಇನ್ನೊಮ್ಮೆ ಇಲ್ಲ.

ಅಮ್ಮ ಓಡಿಬಂದು ಸ್ವಿಚ್ಚು ಆರಿಸಿದಳು. ಬೆಂಕಿ ಹತ್ತಲಿಲ್ಲ, ಆದರೆ ಕುರ್ಚಿ ಅಲ್ಲಾಡಲಿಲ್ಲ. ಅಮ್ಮ ಮಂಚದ ತುದಿಯಲ್ಲಿ ಕೂತು ಅತ್ತಳು. ನಾಳೆ ನನ್ನ ಜೊತೆ ಹೊರಟುಬಿಡು, ಸಾಕು ಈ ಒಂಟಿ ಬಾಳು ಎಂದಳು. ಆಶಾನ್‌ಗೆ ಫೋನ್ ಮಾಡಿದೆ. “ಚಾರ್ಜ್ ಉಂಟಾ?” ಎಂದರು. ಇಲ್ಲ ಆಶಾನ್ ಎಂದು ನಡೆದದ್ದನ್ನು ಹೇಳಿದೆ. ಬರ್ತೇನೆ ಎಂದರು.

ಒಂದು ಗಂಟೆಯೊಳಗೆ ಬಂದರು. ಕರೆಂಟ್ ಅಳೆಯುವ ಮೀಟರನ್ನು ಚೀಲದಿಂದ ತೆಗೆದಾಗ ಅದರ ಮೇಲೆ ಗಂಧದ ಬೊಟ್ಟಿತ್ತು, ತುಳಸಿಯ ಎಲೆಯೊಂದು ಅಂಟಿಕೊಂಡಿತ್ತು. ನಮ್ಮಲ್ಲಿ ಆಯುಧಪೂಜೆಯೆಂದರೆ ಪೂಜೆ ಮಾಡಿ ಸ್ಕೂಟರ್ ಹತ್ತಿ ಹೊರಡುವುದು. ಕೇರಳದಲ್ಲಿ ಅಷ್ಟಮಿಯ ಸಂಜೆ ಪೂಜೆಗಿಟ್ಟ ಸಾಮಾನನ್ನು ದಶಮಿಯ ಬೆಳಿಗ್ಗೆಯವರೆಗೆ ಮುಟ್ಟುವುದಿಲ್ಲ. ಅದು ನನಗೆ ತಿಳಿದದ್ದು ಆವಾಗಲೇ. ಯಾಕೆ ತೆಗೆದಿರಿ, ನಾಳೆ ಬರಬಹುದಿತ್ತಲ್ಲ ಎಂದೆ.

“ಆಯುಧ ಪೂಜೆಗೆ ಇಡಬಹುದು ಮೋಳೇ. ನಿನ್ನ ಕಾಲನ್ನು ಇಡ್ಲಿಕ್ಕೆ ಆಗ್ತದಾ?” ಎಂದರು, ತಲೆ ಎತ್ತದೆ.

ನೀರು ಹೊಕ್ಕ ಕಡೆಯೆಲ್ಲ ಬಿಚ್ಚಿ ಒರೆಸಿ ಒಣಗಿಸಿದರು, ಫ್ಯೂಸ್ ಬದಲಿಸಿದರು, ಬೇರೆ ಚಾರ್ಜರ್ ಕೊಟ್ಟರು. ಅಮ್ಮನಿಗೆ ಒಂದು ಮಾತೂ ಅನ್ನಲಿಲ್ಲ. ಬೈದದ್ದು ನನಗೆ. ಅಮ್ಮನಿಗೆ ಗೊತ್ತಿಲ್ಲ, ನಿನಗೆ ಗೊತ್ತಿತ್ತು. ಕೈಗೆ ಸಿಗದ ಸ್ವಿಚ್ಚಿನಲ್ಲಿ ಚಾರ್ಜ್ ಮಾಡುವವಳು ಒಬ್ಬಳೇ ಇರಲಿಕ್ಕೆ ಲಾಯಕ್ಕಲ್ಲ ಎಂದರು. ನನಗೆ ಅಳು ಬಂತು. ಮಾರನೆಯ ದಿನ ಎಲೆಕ್ಟ್ರಿಷಿಯನ್ ಒಬ್ಬನನ್ನು ಕರೆತಂದು ಮಂಚದ ತಲೆಯ ಹತ್ತಿರ, ನನ್ನ ಕೈಗೆಟಕುವಲ್ಲಿ ಸ್ವಿಚ್ಚು ಹಾಕಿಸಿದರು. ಅಮ್ಮ ಒಬ್ಬಳೇ ಮೈಸೂರಿಗೆ ಹೋದಳು.

ಇಷ್ಟೆಲ್ಲ ಮಾಡಿದವರನ್ನು ನಾನು ಮರೆತೆ. ಒಂದೇ ಸಲಕ್ಕಲ್ಲ. ಐದು ವರ್ಷದ ಹಿಂದೆ ಹೊಸ ಕುರ್ಚಿ ಕೊಂಡೆ. ಲಿಥಿಯಂ ಬ್ಯಾಟರಿ, ಕಂಪನಿಯ ವಾರಂಟಿ, ತೊಂದರೆಯಾದರೆ ಆ್ಯಪ್‌ನಲ್ಲಿ ಒತ್ತಿದರೆ ಸಾಕು. ಮೊದಲು ಓಣಂಗೆ ಫೋನ್ ಮಾಡುತ್ತಿದ್ದೆ, ಆಮೇಲೆ ಮೆಸೇಜು, ಆಮೇಲೆ ಅದೂ ಇಲ್ಲ. ಒಂದು ಸಲ ಅವರೇ ಫೋನ್ ಮಾಡಿದಾಗ ಮೀಟಿಂಗಿನಲ್ಲಿದ್ದೆ, ತಿರುಗಿ ಮಾಡಲಿಲ್ಲ. ಹೋದ ನವರಾತ್ರಿಯಲ್ಲಿ ಅದೇ ಆಟೋದವನು ಸಿಕ್ಕಿ, ಆಶಾನ್ ತೀರಿಹೋಗಿ ನಾಲ್ಕು ತಿಂಗಳಾಯಿತು, ಶ್ವಾಸಕೋಶ ಕೆಟ್ಟಿತ್ತು ಎಂದ.

ನವಮಿಯ ದಿನ ಅವರ ಮನೆಗೆ ಹೋದೆ. ಬಾಗಿಲಿಗೆ ಮೂರು ಮೆಟ್ಟಿಲು, ಕುರ್ಚಿಯನ್ನು ಅಂಗಳದಲ್ಲೇ ನಿಲ್ಲಿಸಿದೆ. ಅವರ ಮಗಳು ಬಾಗಿಲನ್ನು ಪೂರ್ತಿ ತೆರೆದಳು. ಒಳಗೆ ದೀಪದ ಮುಂದೆ ಬಾಳೆಲೆಯ ಮೇಲೆ ಅವರ ಸ್ಪಾನರ್, ಇಕ್ಕಳ, ಸ್ಕ್ರೂಡ್ರೈವರ್‌ಗಳನ್ನು ಪೂಜೆಗಿಟ್ಟಿದ್ದಳು. ಮೀಟರ್ ಇರಲಿಲ್ಲ. ಎಲ್ಲಿ ಎಂದು ಕೇಳಿದೆ.

ಅವಳು ಕಿಟಕಿಯತ್ತ ಕೈ ತೋರಿದಳು. ಮೀಟರ್ ಸ್ಕೂಟರಿನ ಕೀಲಿಯ ಪಕ್ಕದಲ್ಲಿ ಕೂತಿತ್ತು. ನನ್ನ ಅಮ್ಮ ಕುರ್ಚಿಗೆ ನೀರು ಸುರಿದ ವರ್ಷದಿಂದ ಅಪ್ಪ ಅದನ್ನು ಪೂಜೆಗೇ ಇಡುತ್ತಿರಲಿಲ್ಲ, ತನಗೂ ಈಗ ಇಡಲು ಮನಸ್ಸಾಗಲಿಲ್ಲ ಎಂದಳು. ಯಾಕೆಂದು ಅವಳು ಕೇಳಿದರೆ ಆಶಾನ್ ಪ್ರತಿ ವರ್ಷ ಒಂದೇ ಮಾತು ಹೇಳುತ್ತಿದ್ದರಂತೆ:

“ಆ ಮೋಳ್ ವಿಳಿಚ್ಚಾಲೋ?”

ಆ ಹುಡುಗಿ ಫೋನ್ ಮಾಡಿದರೆ?